ಉಂಡ ಮನೆಯ ಹೆಸರು

ಉಂಡ ಮನೆಯ ಜಂತಿ ಎಣಿಸಬಾರದು ಎಂದು ಹಿರಿಯರು ಹೇಳುತ್ತಾರೆ. ನಾನು ಒಂದಿಡೀ ಬೇಸಿಗೆ ಸಂಬಳ ತೆಗೆದುಕೊಂಡು ಅದೇ ಕೆಲಸ ಮಾಡಿದವಳು! ಎಣಿಸಿದ್ದು ಜಂತಿಯಲ್ಲ, ಮನೆಯಿಂದ ಮನೆಗೆ ಓಡಾಡುವ ಕಾಲುಗಳನ್ನು. ಯಾರು ಯಾರ ಮನೆಗೆ ಹೋಗಿ ಕೂಡುತ್ತಾರೆ, ಹಿಟ್ಟು ತೀರಿದರೆ ಯಾರ ಹತ್ತಿರ ಇಸಿದುಕೊಳ್ಳುತ್ತಾರೆ, ದುಡಿಯಲು ಊರು ಬಿಟ್ಟು ಹೋಗುವಾಗ ಮನೆಯ ಕೀಲಿ ಯಾರ ಕೈಗೆ ಕೊಡುತ್ತಾರೆ, ಹೊಟ್ಟೆಯೊಳಗಿನ ಮಾತು ಯಾರ ಮುಂದೆ ಆಡುತ್ತಾರೆ. ಇದನ್ನೆಲ್ಲ ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವ ಸರ್ವೇ ಅದು. ಈಗ ಅದಕ್ಕೆ ಸಾಮಾಜಿಕ ಜಾಲದ ದತ್ತಾಂಶ ಎಂಬ ದೊಡ್ಡ ಹೆಸರು ಬಂದಿದೆ. ಎಲ್ಲೆಲ್ಲಿಯವರೋ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಅದರ ಮೇಲೆ ಲೇಖನ ಬರೆಯುತ್ತಾರೆ. ಆಗ ನಮ್ಮ ಪಾಲಿಗೆ ಅದು ಬರೀ ಹಿಟ್ಟಿನ ಸರ್ವೇ.

ಮಳೆ ಮೇಲಿಂದ ಮೇಲೆ ಕೈಕೊಟ್ಟ ಕಾಲ. ನಾನು ಭಾಲ್ಕಿಯಲ್ಲಿ ಬಿ.ಎ. ಮುಗಿಸಿ ಅಪ್ಪನ ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತ ಕೂತಿದ್ದೆ. ಮನೆಗೆ ಬಂದವರೆಲ್ಲ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮುಂದ ಏನ್ ವಿಚಾರ?” ಎಂದು ಅವ್ವನನ್ನು ಕೇಳುವುದು, ನಾನು ಸಿಟ್ಟಿಗೆದ್ದು ತಕ್ಕಡಿ ಕುಕ್ಕುವುದು, ಇದೇ ನಡೆದಿತ್ತು. ಅಂಥದರಲ್ಲಿ ಬೀದರಿನಿಂದ ಕರೆ ಬಂತು. ದೂರದ ಒಂದು ಸಂಶೋಧನಾ ಸಂಸ್ಥೆಯ ಸರ್ವೇ, ಹಳ್ಳಿಗಳಲ್ಲಿ ಓಡಾಡಬಲ್ಲ ಹುಡುಗಿಯರು ಬೇಕು. ಅಬ್ಬಾ, ಅಂದು ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ. ಅವ್ವನಿಗೆ ಮಾತ್ರ ನಂಬಿಕೆಯೇ ಬರಲಿಲ್ಲ.

“ಮಂದಿ ಮನಿ ಉಸಾಬರಿ ಮಾಡ್ಲಾಕ ರೊಕ್ಕಾನೂ ಕೊಡ್ತಾರೇನು? ಹಂಗಾದ್ರ ನಮ್ಮ ಓಣಿ ಹೆಂಗಸರಿಗೆಲ್ಲ ತಿಂಗಳಾ ಪಗಾರ ಬರಬೇಕಲ್ಲ!” ಎಂದಳು.

ಬೀದರಿನಲ್ಲಿ ಕೋಟೆಯ ಕಡೆ ಹೋಗುವ ಗಲ್ಲಿಯೊಂದರ ಮಾಳಿಗೆ ಮೇಲೆ ನಮಗೆ ತರಬೇತಿ ನಡೆಯಿತು. ಕಲಿಸಿದವರು ಬೀದರಿನವರೇ ಆದ ಒಬ್ಬ ಸರ್. ತೆಳ್ಳಗೆ, ಎತ್ತರಕ್ಕೆ, ನಕ್ಕರೆ ತಪ್ಪಾದೀತೇನೋ ಎಂಬ ಮುಖ. ಅವರು ಪ್ರಶ್ನೆ ಕೇಳುವುದನ್ನು ಕಲಿಸಿದ್ದಕ್ಕಿಂತ ಹೆಚ್ಚಾಗಿ ಒಂದು ಮಾತನ್ನು ಬಾಯಿಪಾಠ ಮಾಡಿಸಿದರು. ಪ್ರತಿ ಮನೆಯ ಹೊಸ್ತಿಲಲ್ಲಿ, ಮೊದಲ ಪ್ರಶ್ನೆಗೆ ಮುಂಚೆ ಹೇಳಬೇಕಾದ ಮಾತು: “ನಿಮ್ಮ ಹೆಸರಾಗ್ಲಿ, ನಿಮ್ಮ ಊರ ಹೆಸರಾಗ್ಲಿ, ನೀವು ಹೇಳಿದವರ ಹೆಸರಾಗ್ಲಿ ನಮ್ಮ ಬಾಯಿಂದ ಎಲ್ಲೂ ಹೊರಗ ಹೋಗೂದಿಲ್ರಿ.” ತಪ್ಪಿದವರನ್ನು ಸರ್ ಎಲ್ಲರ ಮುಂದೆ ನಿಲ್ಲಿಸಿ ಮತ್ತೆ ಹೇಳಿಸುತ್ತಿದ್ದರು. ನಾನು ಎಷ್ಟು ಸಲ ನಿಂತೆನೋ ಕೇಳಬೇಡಿ.

ನನ್ನ ಪಾಲಿಗೆ ಬಂದ ಊರಿನ ಹೆಸರನ್ನು ಇಂದಿಗೂ ಹೇಳುವುದಿಲ್ಲ. ಔರಾದ್‌ನಿಂದ ಡಾಬಕಾ ದಿಕ್ಕಿಗೆ ಹೋಗುವ ಬಸ್ಸು ಹತ್ತಿ ನಡುವೆಲ್ಲೋ ಇಳಿಯಬೇಕು, ಅಷ್ಟು ಸಾಕು. ಊರಿಗೆ ಕಾಲಿಟ್ಟರೆ ಎತ್ತ ನೋಡಿದರೂ ಕೀಲಿ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದವರು, ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ, ಪುಣೆಗೆ ಹೋದವರು. ಉಳಿದದ್ದು ಮುದುಕರು, ಮಕ್ಕಳು, ಅವರನ್ನು ನೋಡಿಕೊಳ್ಳಲು ನಿಂತ ಹೆಂಗಸರು. ಬಂದ ಹುಡುಗಿ ಯಾರು, ಯಾರ ಪೈಕಿ, ಲಗ್ನ ಆಗಿದೆಯೋ ಇಲ್ಲವೋ ಎಂದು ಅವರೇ ಮೊದಲು ನನ್ನ ಸರ್ವೇ ಮುಗಿಸಿಬಿಟ್ಟರು.

ಓಣಿಯ ತುದಿಯ ಮನೆಯಲ್ಲಿ ಒಬ್ಬಳು ಹೆಂಗಸಿದ್ದಳು. ಅಗಲ ಮುಖ, ಹತ್ತು ಮನೆ ಆಚೆ ಕೇಳುವ ದನಿ. ಗಡಿ ಕಡೆಯ ರೂಢಿಯಂತೆ ನಾನು ಅವಳನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದೆ, ಅವಳು ನನ್ನನ್ನು ಮೊದಲ ದಿನವೇ ಊಟಕ್ಕೆ ಕೂಡಿಸಿದಳು. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ನೀರು ನೀರಾದ ಬೇಳೆ. ಬರದ ಕಾಲದ ಊಟ ಅದು, ಅವಳ ಪಾಲಿನದನ್ನೇ ಬಡಿಸಿದ್ದಾಳೆಂದು ಗೊತ್ತಾಗುತ್ತಿತ್ತು. ಕೈ ತೊಳೆದು, ಕಲಿತವಳ ಠೀವಿಯಲ್ಲಿ, “ಥ್ಯಾಂಕ್ಸ್ ಕಾಕು” ಎಂದೆ.

“ಏನಂದಿ?”

“ಥ್ಯಾಂಕ್ಸ್ ರಿ. ಅಂದ್ರ ಧನ್ಯವಾದ ಅಂತ.”

“ಯಾಕ, ನಾಳಿಗಿ ಬರೂದಿಲ್ಲೇನು? ಇವತ್ತೇ ಹಿಸಾಬ್ ಮುಗಿಸಿ ಹೊಂಟಿ?” ಕಾಕು ನಿಜಕ್ಕೂ ಸಿಟ್ಟಾಗಿದ್ದಳು. “ನಾ ಏನ್ ಪರಕೀ ಏನು? ಕೊಟ್ಟಾಕಿ ಮಾರಿ ಮುಂದ ಹೇಳೂ ಮಾತಲ್ಲ ಇದು. ಔರಾದ್ಕ ಹೋದಾಗ ಹೇಳು, ಭಾಲ್ಕಿಗಿ ಹೋದಾಗ ಹೇಳು. ನಾಲ್ಕು ಮಂದ್ಯಾಗ, ಇಂಥಾಕಿ ಮನ್ಯಾಗ ಉಂಡೇನಿ ಅಂತ ಹೇಳು. ಉಂಡ ಮನಿ ಹೆಸರು ಹೊರಗ ಹೇಳಬೇಕವ್ವಾ, ಒಳಗಲ್ಲ.”

ನಮ್ಮ ಸೀಮೆಯಲ್ಲಿ ಹುಟ್ಟಿಯೂ ಈ ರೀತಿಯನ್ನು ನಾನು ಪದವಿಯ ಗುಂಗಿನಲ್ಲಿ ಮರೆತಿದ್ದೆ. ಕೊಟ್ಟವಳ ಎದುರು ಧನ್ಯವಾದ ಎನ್ನುವುದು ಎಂದರೆ, ನಿನಗೂ ನನಗೂ ಇಲ್ಲಿಗೆ ಮುಗಿಯಿತು ಎಂದಂತೆ. ಬದಲಿಗೆ ಹಿಟ್ಟಿನ ಗಿರಣಿಯಲ್ಲಿ, ಬಸ್ಸಿನಲ್ಲಿ, ಲಗ್ನದ ಮನೆಯಲ್ಲಿ, ಕೇಳಲಿ ಬಿಡಲಿ, ಉಂಡ ಮನೆಯ ಹೆಸರೆತ್ತಿ ಹೇಳುವುದು. ಹೇಳದೆ ಉಳಿದವಳು ತಿಂದು ಬಾಯಿ ಒರೆಸಿಕೊಂಡವಳು. ಹೆಣ್ಣುಮಕ್ಕಳ ಜಗಳದಲ್ಲಿ ಅದಕ್ಕಿಂತ ದೊಡ್ಡ ಬೈಗುಳ ನಾನು ಕೇಳಿಲ್ಲ.

ಊಟವಾದ ಮೇಲೆ ಸರ್ವೇ. ಯಾರ ಮನೆಗೆ ಹೋಗಿ ಕೂಡುತ್ತೀರಿ ಎಂದದ್ದಕ್ಕೆ ಕಾಕು ಓಣಿಯ ಅರ್ಧ ಹೆಸರು ಹೇಳಿದಳು. ಪಕ್ಕದ ಮನೆಯದನ್ನು ಮಾತ್ರ ಬಿಟ್ಟಳು. ಅದು ಅವಳ ನೆಗೆಣ್ಣಿಯ ಮನೆ, ಗಂಡನ ಸ್ವಂತ ತಮ್ಮನ ಹೆಂಡತಿ. ಅಣ್ಣ ತಮ್ಮಂದಿರು ಹೊಲದ ಬದುವಿನ ಸಲುವಾಗಿ ಬಡಿದಾಡಿ ಮಾತು ಬಿಟ್ಟಿದ್ದರು. ಹೆಂಡಂದಿರೂ ಮಾತಾಡಬಾರದೆಂದು ಎರಡೂ ಮನೆಯ ಗಂಡಸರ ಹುಕುಂ. “ಆ ಕಡಿ ನಾವು ಮಾರಿ ಸೈತ ಮಾಡೂದಿಲ್ಲ” ಎಂದಳು ಕಾಕು.

ಮುಂದಿನ ಪ್ರಶ್ನೆ ಕೇಳಿದೆ. “ಮನ್ಯಾಗ ಹಿಟ್ಟು ತೀರಿದ್ರ ಯಾರ ಕಡಿ ಇಸ್ಕೋತೀರಿ ಕಾಕು?”

ಕಾಕು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು, “ಹೆಸರು ಹೊರಗ ಹೋಗೂದಿಲ್ಲಂದ್ಯಲ್ಲ?” ಎಂದಳು. ಇಲ್ಲ ಎಂದೆ. ಕಾಕು ದನಿ ತಗ್ಗಿಸಿ ಅದೇ ನೆಗೆಣ್ಣಿಯ ಹೆಸರು ಹೇಳಿದಳು!

ಹೋದ ವರ್ಷ ಗಂಡ ಕಬ್ಬು ಕಡಿಯಲು ಹೋದಾಗ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಎರಡು ಮಕ್ಕಳು, ಖಾಲಿ ಡಬ್ಬಿ. ಒಂದು ಮುಂಜಾನೆ ಹಿತ್ತಲ ಗೋಡೆಯ ಆಚೆಯಿಂದ ಒಂದು ಬುಟ್ಟಿ ಬಂತಂತೆ. ಅದರ ತುಂಬ ಜೋಳದ ಹಿಟ್ಟು. ಆಮೇಲೂ ಬರುತ್ತಲೇ ಇತ್ತು, ಗಂಡ ತಿರುಗಿ ಬರುವವರೆಗೆ.

“ಒಂದ್ ಮಾತ್ ಆಡ್ಲಿಲ್ಲ ಆಕಿ. ಬುಟ್ಟಿ ಕೊಟ್ಟಳು, ಖಾಲಿ ಬುಟ್ಟಿ ಇಸ್ಕೊಂಡಳು. ನಾ ಆಕಿ ಮನಿದು ಉಂಡೇನಿ. ಯಾರ ಮುಂದ ಹೇಳ್ಲಿ? ಹೇಳಿದ್ರ ಎರಡೂ ಮನ್ಯಾಗ ಹೊಡದಾಟ ಆಗ್ತದ. ಹೇಳ್ಲಿಲ್ಲಂದ್ರ ಆ ಹಿಟ್ಟು ನನ್ನ ಹೊಟ್ಟ್ಯಾಗ ಕರಗೂದಿಲ್ಲ.” ಕಾಕುವಿನ ಕಣ್ಣು ತುಂಬಿದ್ದವು. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಮೊಣಕಾಲು ಹಿಡಿದಳು. “ನೀ ಒಂದ್ ಕೆಲಸ ಮಾಡು. ನಿಮ್ಮ ಇಂಗ್ಲಿಷ್ ಪುಸ್ತಕದಾಗ ಆಕಿ ಹೆಸರು ಹಾಕು. ನಮ್ಮ ಗಂಡಸರಿಗಿ ಓದ್ಲಾಕ ಬರೂದಿಲ್ಲ. ಎಲ್ಲೋ ಒಂದ್ ಕಡಿ ಹೇಳ್ದಂಗಾದ್ರ ಸಾಕು ನನಗ.”

“ಕಾಕು, ಹೆಸರು ಹೇಳೂದಿಲ್ಲಂತ ಈಗ ಆಣಿ ಮಾಡ್ದೆನಲ್ರಿ.”

“ಅದು ನಿಮ್ಮ ಆಫೀಸಿಂದು. ನೀ ಬರೀವಾಗ ಹಾಕು ಅಂದೆ.”

“ನಾ ಯಾವ ಪುಸ್ತಕ ಬರೀತೇನ್ರಿ!”

“ಬರೀತಿ, ಬರೀತಿ. ಇಷ್ಟ್ ಮಾತಾಡಾಕಿ ಬರೀದೆ ಇರ್ತಿಯೇನು?”

ಅವಳು ಇದನ್ನು ಮರೆಯಲಿಲ್ಲ, ನನಗೂ ಮರೆಯಲು ಬಿಡಲಿಲ್ಲ. ಸರ್ವೇ ಮುಗಿದು ವರ್ಷಗಳಾದರೂ ಎಲ್ಲಿ ಸಿಕ್ಕರೂ ಅದೇ ಪ್ರಶ್ನೆ. ಒಮ್ಮೆ ಭಾಲ್ಕಿ ರೈಲ್ವೆ ಸ್ಟೇಷನ್ನಿನಲ್ಲಿ ಗಂಟುಮೂಟೆ ಹೊತ್ತ ಜನ ಹೈದರಾಬಾದಿನ ಗಾಡಿಗೆ ಮುಗಿಬಿದ್ದಿದ್ದರು. ಆಗ ನನಗೆ ಅದೇ ಊರಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು, ನನ್ನ ವಿದ್ಯಾರ್ಥಿಗಳೂ ಜೊತೆಗಿದ್ದರು. ಗದ್ದಲದ ನಡುವಿನಿಂದ ಆ ದನಿ! “ಏ ಸರ್ವೇ ಬಾಯೀ! ಬಂತೇನ ಪುಸ್ತಕ?” ಮಗನನ್ನು ಗಾಡಿ ಹತ್ತಿಸಲು ಬಂದಿದ್ದಳು. ಸ್ಟೇಷನ್ನಿಗೆ ಸ್ಟೇಷನ್ನೇ ನನ್ನತ್ತ ತಿರುಗಿ ನೋಡಿತು. ನಾನು ನಾಚಿಕೆಯಿಂದ ಕೈಯಾಡಿಸಿದೆ. ಇನ್ನೂ ಇಲ್ಲ ಎಂದು ತಿಳಿದು ಕಾಕು ಹಣೆ ಬಡಿದುಕೊಂಡಳು.

ಪಿಎಚ್.ಡಿ.ಗೆ ಹೆಸರು ಹಚ್ಚಿದಾಗ ನನಗೆ ಗೈಡ್ ಆಗಿ ಸಿಕ್ಕವರು ಅದೇ ಬೀದರಿನ ಸರ್. ತಲೆ ಬೆಳ್ಳಗಾಗಿತ್ತು, ಮುಖದಲ್ಲಿ ಅದೇ ಬಿಗಿ. ಒಂದು ದಿನ ಅವರು ತಮ್ಮ ಕಂಪ್ಯೂಟರಿನ ಪರದೆಯನ್ನು ನನ್ನತ್ತ ತಿರುಗಿಸಿದರು. ನಮ್ಮ ಹಿಟ್ಟಿನ ಸರ್ವೇಯ ಎಲ್ಲ ಉತ್ತರಗಳನ್ನು ಆ ಸಂಸ್ಥೆ ಸಂಶೋಧಕರಿಗೆಲ್ಲ ಬಿಟ್ಟುಕೊಟ್ಟಿತ್ತು! ಯಾರು ಬೇಕಾದರೂ ಬಳಸಬಹುದು, ಕರಾರು ಎರಡು. ಮೊದಲನೆಯದು, ಈ ದತ್ತಾಂಶ ಯಾರು ಸಂಗ್ರಹಿಸಿದ್ದು, ಯಾರ ಬಳಿಯಿಂದ ಪಡೆದದ್ದು ಎಂಬುದನ್ನು ಸಂಸ್ಥೆ ಹೇಳಿಕೊಟ್ಟ ಮಾತುಗಳಲ್ಲೇ ಲೇಖನದಲ್ಲಿ ಉಲ್ಲೇಖಿಸಬೇಕು. ಎರಡನೆಯದು, ಅಂಕಿಗಳ ಹಿಂದಿನ ಊರನ್ನಾಗಲಿ ಮನೆಯನ್ನಾಗಲಿ ಹುಡುಕಬಾರದು, ಹೆಸರಿಸಬಾರದು.

“ಸರ್, ಇದು ಉಂಡ ಮನಿ ಹೆಸರು ಹೇಳ್ರಿ ಅಂದಂಗಾತಲ್ರೀ!” ಎಂದು ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಲೇಖನದ ಕೊನೆಯ ಉಲ್ಲೇಖಗಳೆಂದರೆ ನನಗೆ ಅಲ್ಲಿಯವರೆಗೆ ಅಲ್ಪವಿರಾಮ, ಪೂರ್ಣವಿರಾಮಗಳ ಕಿರಿಕಿರಿ ಅಷ್ಟೇ. ಈಗ ನೋಡಿದರೆ ಕಾಕುವಿನ ನ್ಯಾಯವೇ ಅಲ್ಲಿ ಕೂತಿದೆ! ಕೊಟ್ಟವರ ಕೈ ಹಿಡಿದು ಧನ್ಯವಾದ ಹೇಳಿ ಅನ್ನುತ್ತಿಲ್ಲ, ನಾಲ್ಕು ಮಂದಿಯಲ್ಲಿ ಹೇಳಿ ಅನ್ನುತ್ತಿದ್ದಾರೆ. ಸರ್ ಕನ್ನಡಕದ ಮೇಲಿಂದ ನೋಡಿ, “ಕೂಡ್ರಿ ಮೊದಲ” ಎಂದರು.

ಅಲ್ಲಿಂದ ನನಗೆ ಹುಚ್ಚೇ ಹಿಡಿಯಿತು. ಕಾಲೇಜು ಮುಗಿಸಿ ಬಂದು ಅದೇ, ರವಿವಾರ ಅದೇ. ಹೆಸರುಗಳೆಲ್ಲ ಹೋಗಿ ಊರೂ ಅಂಕಿ, ಮನೆಯೂ ಅಂಕಿ ಆಗಿದ್ದವು; ಕಸುಬು, ಜಾತಿಯ ಕಲಂಗಳು ಮಾತ್ರ ಉಳಿದಿದ್ದವು. ಆದರೂ ಪ್ರಶ್ನೆಗಳನ್ನು ಕಂಡ ಕೂಡಲೇ ಸುಟ್ಟ ರೊಟ್ಟಿಯ ವಾಸನೆ ಬಂದಂತಾಗುತ್ತಿತ್ತು. ಒಂದೊಂದು ಊರಿಗೆ ಎರಡೆರಡು ಚಿತ್ರ ಬರೆದೆ. ಒಂದರಲ್ಲಿ ಯಾರು ಯಾರ ಮನೆಗೆ ಹೋಗಿ ಕೂಡುತ್ತಾರೆ ಎಂಬ ಗೆರೆಗಳು, ಇನ್ನೊಂದರಲ್ಲಿ ಯಾರು ಯಾರ ಬಳಿ ಹಿಟ್ಟು ಇಸಿದುಕೊಳ್ಳುತ್ತಾರೆ ಎಂಬ ಗೆರೆಗಳು. ಎರಡನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದೆ.

ಯಪ್ಪಾ! ಊರೂರಲ್ಲಿ ಒಂದು ವಿಚಿತ್ರ ಮನೆ. ಹಿಟ್ಟಿನ ಚಿತ್ರದಲ್ಲಿ ಆ ಮನೆಗೆ ಗೆರೆಗಳ ದೊಡ್ಡ ಕಟ್ಟೇ ಬಂದು ಸೇರುತ್ತದೆ, ಹೋಗಿ ಕೂಡುವ ಚಿತ್ರದಲ್ಲಿ ಅದೇ ಮನೆ ಬೋಳು. ಬರದಲ್ಲಿ ಊರಿಗೆ ಹಿಟ್ಟು ಕೊಟ್ಟ ಮನೆ, ಆದರೆ ಊರಿನ ಕಾಲು ತುಳಿಯದ ಮನೆ! ನಾನು ಸ್ಟಾಫ್ ರೂಮಿನಲ್ಲಿ ಕೂಗಿದ ಕೂಗಿಗೆ ಇತಿಹಾಸದ ಮೇಡಂ ಚಹಾ ಚೆಲ್ಲಿಕೊಂಡರು. ಮರುದಿನವೇ ಬೀದರಿಗೆ ಓಡಿದೆ. ಸರ್ ಹಾಳೆಗಳನ್ನು ತಿರುವಿ ಹಾಕಿ, “ಸರ್ವೇ ಮಾಡಿದವರು ಮನಿ ನಂಬರ್ ತಪ್ಪು ಹಾಕ್ಯಾರ” ಎಂದರು.

“ಸರ್ವೇ ಮಾಡ್ದಾಕಿ ನಾನ ಸರ್!”

ಅಂದು ಮೊದಲ ಸಲ ಸರ್ ಬಾಯಿತುಂಬ ನಕ್ಕಿದ್ದನ್ನು ನೋಡಿದೆ. ಇಬ್ಬರೂ ಕೂತು ಎಲ್ಲವನ್ನೂ ಮತ್ತೆ ಪರೀಕ್ಷಿಸಿದೆವು. ತಪ್ಪಿರಲಿಲ್ಲ. ಆ ಮನೆಗಳಲ್ಲಿ ಯಾರೋ ಒಬ್ಬರು ತಿಂಗಳ ಸಂಬಳದವರು. ಮಳೆ ಬರಲಿ ಬಿಡಲಿ ಜೋಳ ಕೊಂಡು ತರಬಲ್ಲವರು. ಹಾಗಿದ್ದೂ ಯಾಕೆ ಯಾರೂ ಹೋಗಿ ಕೂಡುವುದಿಲ್ಲ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ಅವು ಬಹುತೇಕ ಬೌದ್ಧರ, ಅಂದರೆ ಬೌದ್ಧ ಧರ್ಮ ಸೇರಿದ ದಲಿತರ ಮನೆಗಳು. ಅವರ ಅಜ್ಜ ಮುತ್ತಜ್ಜರನ್ನು ಊರು ತನ್ನ ಬಾವಿಯ ಹತ್ತಿರ ಸೇರಿಸಿರಲಿಲ್ಲ. ಮೊಮ್ಮಕ್ಕಳು ಓದಿ ನೌಕರಿ ಹಿಡಿದರು, ಊರಿನ ಕಾಲು ಮಾತ್ರ ನಿಂತಲ್ಲೇ ನಿಂತಿತ್ತು. ನಮ್ಮ ಮನೆಯಲ್ಲೂ ಶರಣರ ಪಟಕ್ಕೆ ದಿನಾ ಹೂ ಏರಿಸಿ ಎಲ್ಲರೂ ಒಂದೇ ಎಂದು ಹಾಡುತ್ತಾರೆ. ಹಾಡು ಮುಗಿದ ಮೇಲೆ ಯಾರ ಮನೆಗೆ ಹೋಗುತ್ತಾರೆ, ಯಾರ ಮನೆಗೆ ಹೋಗುವುದಿಲ್ಲ ಎಂದು ನೆನೆದರೆ ನನಗೆ ಮೈಯೆಲ್ಲ ಉರಿಯಿತು. ಉರಿಯುವುದಕ್ಕೂ ಹುಮ್ಮಸ್ಸಿಗೂ ನನ್ನಲ್ಲಿ ಹೆಚ್ಚು ಅಂತರವಿಲ್ಲ, ಅದೇ ಕಾವಿನಲ್ಲಿ ಲೇಖನ ಬರೆದು ಮುಗಿಸಿದೆ.

ಕೊನೆಯಲ್ಲಿ ಕೃತಜ್ಞತೆಯ ಭಾಗ. ಸಂಸ್ಥೆ ಹೇಳಿಕೊಟ್ಟ ಸಾಲುಗಳನ್ನು ಅಕ್ಷರ ತಪ್ಪದೆ ಇಳಿಸಿದೆ. ಅದರ ಕೆಳಗೆ, ತುಂಬು ಸಂತೋಷದಿಂದ, ಕಾಕುವಿನ ನೆಗೆಣ್ಣಿಯ ಹೆಸರು ಬರೆದೆ. ಇಂಥ ವರ್ಷ ಇಂಥವಳು ಮನೆಯವರ ಹುಕುಂ ಮೀರಿ ಹಿಟ್ಟು ಕೊಟ್ಟಳು ಎಂದು ಒಂದೇ ವಾಕ್ಯ. ಸರ್ ಅದನ್ನು ಓದಿ ಕೆಂಪು ಪೆನ್ನು ತೆಗೆದರು.

“ಹುಚ್ಚ ಹಿಡದದೇನ್ರಿ ನಿಮಗ? ಎರಡನೇ ಕರಾರು ಓದಿಲ್ಲೇನು?”

“ಓದೇನಿ ಸರ್. ಕಣಜದ ಹೆಸರು ಹೇಳ್ರಿ, ಹೊಲದ ಹೆಸರು ಹೇಳಬ್ಯಾಡ್ರಿ ಅಂದ್ರ ಇದ್ಯಾವ ನ್ಯಾಯ? ಸಂಸ್ಥೆ ಎಲ್ಲಿಂದ ಬೆಳೀತದ ಜ್ವಾಳ? ಕೊಟ್ಟಾಕಿ ಕಾಕು. ಆಕಿ ಕೇಳಿದ್ದು ಒಂದೇ ಒಂದು ಹೆಸರು.”

“ಹೊಸ್ತಿಲದಾಗ ನಿಂತು ಆಕಿಗಿ ಏನ್ ಹೇಳಿದ್ರಿ? ಅದನ್ನ ನಂಬಿ ಆಕಿ ಬಾಯಿ ಬಿಟ್ಟಳಿಲ್ಲೋ? ನೀವು ಮಾತು ತಪ್ಪಿದ್ರ ನಾಳಿ ಇನ್ನೊಬ್ಬಾಕಿ ಯಾಕ ನಂಬಬೇಕು?”

ಅವರು ಹೇಳಿದ್ದು ಸರಿಯಿತ್ತು. ಕಾಕು ಕೇಳಿದ್ದೂ ಸರಿಯಿತ್ತು. ಸರ್ ಆ ಸಾಲಿನ ಮೇಲೆ ಗೆರೆ ಎಳೆದು, ಹೆಸರು ಹೇಳಲಾಗದ ಊರುಗಳ ಹೆಸರು ಹೇಳಲಾಗದ ಹೆಂಗಸರಿಗೆ ಈ ಲೇಖನ ಋಣಿ ಎಂದು ಬರೆಸಿದರು. ನಾನು ಒಲ್ಲದ ಮನಸ್ಸಿನಿಂದ ಬರೆದೆ.

ಲೇಖನ ಅಚ್ಚಾಗಿ ಬಂತು! ನನ್ನ ಹೆಸರನ್ನು ಎಷ್ಟು ಸಲ ಮುಟ್ಟಿ ನೋಡಿದೆನೋ. ಅವ್ವ ಅದನ್ನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ತೋರಿಸಿದಳು. ಆದರೆ ಕಾಕುವಿಗೆ ಹೇಗೆ ಮುಖ ತೋರಿಸುವುದು? ಅಡಗಿ ಕೂಡುವುದು ನನ್ನ ಜಾಯಮಾನವಲ್ಲ. ಪ್ರತಿಗಳನ್ನು ಚೀಲಕ್ಕೆ ತುಂಬಿಕೊಂಡು ಔರಾದ್ ಬಸ್ಸು ಹತ್ತಿದೆ. ಹೋಗಿ ಊರಿನವರಿಗೆ ಓದಿ ಹೇಳಿ ಎಂದು ಸರ್ ಕೂಡ ಹೇಳಿದ್ದರು. ಅವರು ಹೇಳಿದ ಉತ್ತರಗಳು ಏನಾದವು ಎಂದು ಅವರಿಗೆ ತಿಳಿಯಬೇಡವೇ?

ಅದೂ ಒಂದು ಬರದ ವರ್ಷವೇ. ಕಬ್ಬಿನ ಹಂಗಾಮು ಮುಗಿಸಿ ಗಂಡಸರು ತಿರುಗಿ ಬಂದಿದ್ದರು. ಊರ ನಡುವಿನ ಬಯಲಿನಲ್ಲಿ ನೀರಿನ ಟ್ಯಾಂಕರಿಗಾಗಿ ಕೊಡಗಳ ಸಾಲು, ಸಾಲಿನ ಪಕ್ಕ ಹೆಂಗಸರು. ಎಲ್ಲ ಓಣಿಯ ಕೊಡಗಳೂ ಒಂದೇ ಸಾಲಿನಲ್ಲಿದ್ದವು, ಬರ ಅಷ್ಟನ್ನಾದರೂ ಮಾಡಿತ್ತು. ಗಂಡಸರು ಕಟ್ಟೆಯ ಮೇಲೆ. ಕಾಕುವಿನ ಗಂಡ ಈ ತುದಿಗೆ, ಅವನ ತಮ್ಮ ಆ ತುದಿಗೆ. ನನ್ನನ್ನು ಕಂಡ ಕಾಕು ಕೊಡ ಬಿಟ್ಟು ಎದ್ದು ಬಂದಳು.

“ಬಂತೇನ ಪುಸ್ತಕ?”

“ಬಂದದ ಕಾಕು!” ಎಂದು ಎತ್ತಿ ತೋರಿಸಿದೆ. ಕಾಕು ಅದನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡಳು.

ಅಲ್ಲೇ ನಿಂತು ಕನ್ನಡದಲ್ಲಿ ಹೇಳುತ್ತ ಹೋದೆ. ಯಾವ ಊರು ಎನ್ನಲಿಲ್ಲ, ಯಾರ ಮನೆ ಎನ್ನಲಿಲ್ಲ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಬರ ಬಂದಾಗ ಹಿಟ್ಟು ಕೊಟ್ಟ ಕೆಲವು ಮನೆಗಳಿದ್ದವು, ಇಸಿದುಕೊಂಡವರು ಆ ಮನೆಗೆ ಹೋಗಿ ಕೂಡುವುದಿಲ್ಲ ಎಂದೆ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಕೊನೆಯ ಪುಟದ ಸಾಲು ಓದಿದೆ. ಹೆಸರು ಹೇಳಲಾಗದ ಹೆಂಗಸರಿಗೆ ಈ ಲೇಖನ ಋಣಿ.

ಕಾಕು ಮುಂದಿನದಕ್ಕಾಗಿ ಕಾದಳು. “ಮುಂದ ಓದು. ಆ ಹೆಸರು?”

“ಹೆಸರು ಹಾಕ್ಲಾಕ ಬರ್ಲಿಲ್ಲ ಕಾಕು. ನಿಮ್ಮ ಹೊಸ್ತಿಲದಾಗ ನಿಂತು ಕೊಟ್ಟ ಮಾತು ನಾ ತಪ್ಪಬಾರದ್ರಿ.”

ಕಾಕುವಿನ ಮುಖ ಬಿದ್ದುಹೋಯಿತು. ಇಷ್ಟು ವರ್ಷ ಕಾದದ್ದು ಇದಕ್ಕೇನಾ ಎಂಬಂತೆ ಕೈಯಲ್ಲಿದ್ದ ಹಾಳೆಗಳನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. “ಬರೋಬರ್. ನೀ ಆಣಿ ಮಾಡಿದಿ, ನೀ ಹೇಳಬ್ಯಾಡ” ಎಂದಳು. ಆಮೇಲೆ ಬಯಲಿನ ನಡುವಿಗೆ ಹೋಗಿ ನಿಂತಳು. “ನಾ ಏನ್ ಆಣಿ ಮಾಡಿಲ್ಲ.”

ಹತ್ತು ಮನೆ ಆಚೆ ಕೇಳುವ ಆ ದನಿಯಲ್ಲಿ ಕಾಕು ನೆಗೆಣ್ಣಿಯ ಹೆಸರು ಹಿಡಿದು ಕೂಗಿ ಹೇಳಿದಳು. “ಬರಗಾಲದಾಗ ನಾ ಈಕಿ ಮನಿದು ಉಂಡೇನಿ! ನನ್ನ ಮಕ್ಕಳು ಉಂಡಾವ, ನಮ್ಮತ್ತಿ ಉಂಡಾಳ!”

“ಏ!” ಎಂದು ಕಟ್ಟೆಯಿಂದ ಗಂಡ ಎದ್ದ.

“ಏ ಗೀ ಅನಬ್ಯಾಡ್ರಿ. ನೀವು ಕಬ್ಬು ಕಡೀಲಾಕ ಹೋದಾಗ ನಿಮ್ಮವ್ವಗ ರೊಟ್ಟಿ ಎಲ್ಲಿಂದ ಬಂತಂತ ಒಂದ್ ದಿನಾನರೆ ಕೇಳಿರೇನು?”

ಗಂಡ ನಿಂತವನು ನಿಂತೇ ಇದ್ದ. ಅವನ ತಮ್ಮ ತಲೆ ತಗ್ಗಿಸಿದ. ನಾನು ಕುಣಿಯುವುದೊಂದು ಬಾಕಿ! ಓಡಿ ಹೋಗಿ ಕಾಕುವನ್ನು ತಬ್ಬಿಕೊಳ್ಳಬೇಕು ಎನ್ನಿಸಿತು. ಅಷ್ಟರಲ್ಲಿ ಸಾಲಿನ ನಡುವಿನಿಂದ ನೆಗೆಣ್ಣಿ ಎದ್ದಳು. ಸಣ್ಣ ಮೈಕಟ್ಟಿನ, ಯಾವತ್ತೂ ನೆಲ ನೋಡಿ ನಡೆಯುವ ಹೆಂಗಸು. ಹಿಗ್ಗುತ್ತಾಳೆ ಎಂದುಕೊಂಡರೆ ಅವಳ ಮುಖ ಬೆವತಿತ್ತು.

“ಅಕ್ಕಾ, ನನ್ನ ಹೆಸರು ಹೇಳಬ್ಯಾಡ್ರಿ. ಆ ಹಿಟ್ಟು ನಂದಲ್ಲ.”

“ನಿಂದಲ್ಲಂದ್ರ?”

“ನಮ್ಮ ಮನ್ಯಾಗ ಮಾತ್ರ ಎಲ್ಲಿ ಇತ್ತರಿ ಆಗ? ಮಾಸ್ತರ ಮನಿಂದ ಇಸ್ಕೊಂಡು ಬರ್ತಿದ್ದೆ. ಅರ್ಧ ನಾ ಇಟ್ಕೊಂಡು ಅರ್ಧ ನಿಮಗ ಕೊಡ್ತಿದ್ದೆ.” ಅವಳು ಅಳತೊಡಗಿದಳು. “ಗೊತ್ತಾದ್ರ ನೀವು ಉಣ್ಣೂದಿಲ್ಲಂತ ಹೇಳ್ಲಿಲ್ಲ.”

ಆ ಊರಿನಲ್ಲಿ ಮಾಸ್ತರ ಮನೆ ಎಂದರೆ ಒಂದೇ. ಬೌದ್ಧರ ಓಣಿಯದು. ಸರ್ವೇಯ ದಿನ ನೆಗೆಣ್ಣಿ ಅದನ್ನು ನನಗೂ ಹೇಳಿರಲಿಲ್ಲ. ಮಾಸ್ತರರ ಹೆಂಡತಿ ಅದೇ ಸಾಲಿನಲ್ಲಿ, ತನ್ನ ಕೊಡದ ಪಕ್ಕದಲ್ಲಿ ಕೂತಿದ್ದಳು. ಎಲ್ಲರ ಕಣ್ಣು ಅವಳತ್ತ ಹೊರಳಿದವು. ಕಾಕು ಮಾತ್ರ ಅವಳನ್ನು ನೋಡಲಿಲ್ಲ. ತನ್ನ ಕಾಲ ಬೆರಳುಗಳನ್ನು ನೋಡುತ್ತ ನಿಂತಳು. ನನಗೆ ಭಯವಾಯಿತು. ಇದೇ ಕಾಕು ಈಗ ಥೂ ಎಂದುಬಿಟ್ಟರೆ? ಈ ಬಯಲಿನಲ್ಲಿ ನಾನೇ ಓದಿ ಹಚ್ಚಿದ ಕಿಡಿ ಇದು.

ಮಾಸ್ತರರ ಹೆಂಡತಿ ನಿಧಾನಕ್ಕೆ ಎದ್ದು ಸೀರೆಯ ದೂಳು ಕೊಡವಿಕೊಂಡಳು.

“ಹೇಳಿದ್ರಿ, ಛಲೋ ಆತು. ಆದ್ರ ನನಗ ಇಷ್ಟು ಸಾಕಾಗೂದಿಲ್ಲ ನೋಡ್ರಿ. ನಾ ಬೀಸಿದ ಹಿಟ್ಟು ನಿಮ್ಮ ಹೊಟ್ಟಿಗಿ ಹೋತು. ನಿಮ್ಮ ಕಾಲು ನಮ್ಮ ಹೊಸ್ತಿಲಾ ದಾಟ್ಲಿಲ್ಲ. ಈಕಿ ಅಂಗಳದಾಗ ನಿಂತು ಇಸ್ಕೊಂಡು ಹೋಗಾಕಿ. ಒಳಗ ಬಾ, ಒಳಗ ಬಾ ಅಂದು ಅಂದು ಬ್ಯಾಸರಾಗಿ ಬಿಟ್ಟೆ. ಈ ಸರ್ವೇ ಬಾಯಿ ಪುಸ್ತಕದಾಗ ಹೆಸರು ಹಾಕ್ಲಿ ಬಿಡ್ಲಿ, ಅದರಿಂದ ನನಗ ಏನ್ ಆಗೂದದ? ಬರೂದಿದ್ರ ಮನಿಗಿ ಬರ್ರಿ. ಬರೂದಿಲ್ಲಂದ್ರ ಹೆಸರೂ ಹೇಳಬ್ಯಾಡ್ರಿ.”

ಅದೇ ಹೊತ್ತಿಗೆ ಊರ ಹೊರಗೆ ಟ್ಯಾಂಕರಿನ ಹಾರ್ನ್ ಕೇಳಿಸಿತು. ಹೆಂಗಸರ ಕೈಗಳು ತಂತಾವೇ ಕೊಡಗಳ ಕಡೆ ಹೋದವು. ಇವತ್ತು ಸಾಲು ತಪ್ಪಿದರೆ ಮತ್ತೆ ಟ್ಯಾಂಕರ್ ಯಾವಾಗಲೋ ಯಾರಿಗೂ ಗೊತ್ತಿರಲಿಲ್ಲ. ಮಾಸ್ತರರ ಹೆಂಡತಿ ಕೊಡ ಮುಟ್ಟದೆ ನಿಂತಿದ್ದಳು.

ಕಾಕು ತಲೆ ಎತ್ತಿದಳು. ಸಾಲಿನ ಮುಂಭಾಗದಲ್ಲಿದ್ದ ತನ್ನ ಎರಡು ಕೊಡಗಳನ್ನು ಒಮ್ಮೆ ನೋಡಿದಳು, ಕಟ್ಟೆಯ ಮೇಲಿದ್ದ ಗಂಡನನ್ನು ಒಮ್ಮೆ ನೋಡಿದಳು. ಅಳುತ್ತಿದ್ದ ನೆಗೆಣ್ಣಿಯ ಹತ್ತಿರ ಹೋಗಿ ಅವಳ ರಟ್ಟೆ ಹಿಡಿದಳು. “ನಡಿ” ಎಂದಳು.

ಟ್ಯಾಂಕರ್ ದೂಳೆಬ್ಬಿಸುತ್ತ ಬಯಲಿಗೆ ಬಂತು. ಮೂವರೂ ಅದಕ್ಕೆ ಬೆನ್ನು ಹಾಕಿ ನಡೆದರು, ಮಾಸ್ತರರ ಹೆಂಡತಿ ಮುಂದೆ, ಇವರಿಬ್ಬರು ಹಿಂದೆ. ನಾನು ಚೀಲ ಹೆಗಲಿಗೆ ಹಾಕಿಕೊಂಡು ಅವರ ಬೆನ್ನಿಗೇ ನಡೆದೆ. ಆ ಮನೆಯ ಹೊಸ್ತಿಲಿನ ಎದುರು ಕಾಕು ಒಂದು ಗಳಿಗೆ ನಿಂತಳು. ಚಪ್ಪಲಿ ಕಳಚಿದಳು. ಒಳಗೆ ಹೋಗಿ, ಯಾರೂ ಹೇಳುವ ಮುಂಚೆ ಗೋಡೆಗೆ ಒರಗಿ ಕೂತಳು.

“ಚಹಾಕ್ಕ ಸಕ್ರಿ ಕಮ್ಮಿ ಹಾಕು, ತಂಗಿ. ನನಗ ಶುಗರ್ ಅದ.”